ಅಗ್ಗದ ಬಂಗಲೆ, ಅನ್ಯರ ನೆಲ

ವಿದೇಶದ ಕಡಲತೀರದಲ್ಲಿ ರಜೆಯ ಮನೆಯನ್ನು ಹೂಡಿಕೆಯೆಂದು ಕೊಳ್ಳುವವರು ಬಾಡಿಗೆಯ ಲೆಕ್ಕ ಹಾಕುವಷ್ಟು ಶ್ರದ್ಧೆಯಿಂದ ನೆಲದ ಮೂಲ ಒಡೆಯರನ್ನು ವಿಚಾರಿಸುವುದಿಲ್ಲ ಎಂಬುದಕ್ಕೆ ಉತ್ತರ ಸೈಪ್ರಸ್ ನಿದರ್ಶನ. 1974ರಲ್ಲಿ ತುರ್ಕಿಯ ಸೇನೆ ದ್ವೀಪದ ಉತ್ತರ ಭಾಗವನ್ನು ವಶಪಡಿಸಿಕೊಂಡಾಗ ಗ್ರೀಕ್ ಸೈಪ್ರಿಯಟರು ಬಿಟ್ಟುಹೋದ ಜಮೀನುಗಳನ್ನು, ತುರ್ಕಿಯೊಂದೇ ಮಾನ್ಯ ಮಾಡಿರುವ ಅಲ್ಲಿನ ಆಡಳಿತ ಬೇರೆಯವರಿಗೆ ಹಂಚಿ ಹಕ್ಕುಪತ್ರ ನೀಡಿತು. ಅಂಥ ನೆಲದ ಬಂಗಲೆಗಳನ್ನು ಅಗ್ಗವೆಂದು ಕೊಂಡವರಲ್ಲಿ ಬ್ರಿಟಿಷರು ಬಹಳ ಮಂದಿ. ಮನೆ ಕೆಡವಿ, ಪರಿಹಾರ ತೆತ್ತು, ಜಮೀನನ್ನು ಮೂಲ ಒಡೆಯರಿಗೆ ಬಿಟ್ಟುಕೊಡಬೇಕೆಂದು ಸೈಪ್ರಸ್ ಗಣರಾಜ್ಯದ ನ್ಯಾಯಾಲಯ ಬ್ರಿಟಿಷ್ ದಂಪತಿಯೊಬ್ಬರಿಗೆ ನೀಡಿದ ಆದೇಶವನ್ನು ಬ್ರಿಟನ್ ಕೂಡ ಮಾನ್ಯ ಮಾಡಬೇಕೆಂದು ಐರೋಪ್ಯ ನ್ಯಾಯಾಲಯ 2009ರಲ್ಲಿ ತೀರ್ಪಿತ್ತದ್ದರಿಂದ, ತವರಿನಲ್ಲಿದ್ದ ಅವರ ಆಸ್ತಿಯ ಮೇಲೂ ವಸೂಲಿಯ ದಾರಿ ತೆರೆಯಿತು. ವಿನಿಮಯ ದರದ ಏರಿಳಿತ, ತೆರಿಗೆ, ನಿರ್ವಹಣೆಯ ಖರ್ಚು ಇವೆಲ್ಲ ಇದರ ಮುಂದೆ ಸಣ್ಣವು. ಮಾರುವವರೇ ಗೊತ್ತುಮಾಡಿದ ವಕೀಲರಿಂದ ಇಂಥ ದೋಷ ಹೊರಬೀಳುವುದನ್ನು ನಿರೀಕ್ಷಿಸುವುದು ವ್ಯರ್ಥ.