ಆಕಾಶಮಾರ್ಗದ ದೂರ ಮತ್ತು ಕಾಲ

“ಊರು ಎಷ್ಟು ದೂರ?” ಎಂದು ಕೇಳಿದರೆ “ಒಂದು ಹೊತ್ತಿನ ದಾರಿ” ಎಂದು ಉತ್ತರಿಸುವುದು ಕನ್ನಡನಾಡಿನ ಹಳ್ಳಿಗರ ರೂಢಿ. ಹರದಾರಿ, ಗಾವುದಗಳೆಂಬ ಅಳತೆಗಳಿದ್ದರೂ ನಡೆಯುವವನಿಗೆ ಬೇಕಾದುದು ಕಾಲದ ಲೆಕ್ಕ. ಏರಿಗೂ ಇಳಿಜಾರಿಗೂ ಒಂದೇ ಹೊತ್ತು ಹಿಡಿಯದೆಂಬ ಅನುಭವ ಆ ಉತ್ತರದಲ್ಲಿ ಅಡಗಿದೆ. ವಿಮಾನಯುಗದ ವಿದ್ಯಾರ್ಥಿಯಾದರೋ ದೂರವನ್ನು ವೇಗದಿಂದ ಭಾಗಿಸಿ, ಬಂದ ಫಲವನ್ನೇ ಪ್ರಯಾಣಕಾಲವೆಂದು ಬಗೆಯುತ್ತಾನೆ. ಈ ಗಣಿತ ಸುಳ್ಳಲ್ಲ, ಆದರೆ ಅಪೂರ್ಣ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇವುಗಳ ನಡುವಣ ಅಂತರ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆಯ ಮೂರರಲ್ಲೊಂದು ಪಾಲಿಗೂ ಮಿಗಿಲು. ಗೋಡೆಯ ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಗೆರೆ ಎಳೆದರೆ ದಾರಿಯು ಆಫ್ರಿಕಾ ಖಂಡವನ್ನೂ ಅಟ್ಲಾಂಟಿಕ್ ಸಾಗರವನ್ನೂ ಹಾಯುತ್ತದೆ. ಗೋಳದ ಮೇಲೆ ದಾರವನ್ನು ಬಿಗಿಹಿಡಿದು ನೋಡಿದರೆ ಅದೇ ದಾರಿ ಉತ್ತರಧ್ರುವದ ಕಡೆಗೆ ಸಾಗುತ್ತದೆ. ಎರಡು ನಗರಗಳ ರೇಖಾಂಶಗಳ ಅಂತರ ಸುಮಾರು 160 ಡಿಗ್ರಿ. ಅವು ಗೋಳದ ಮೇಲೆ ಬಹುಮಟ್ಟಿಗೆ ಎದುರುಬದಿರಾಗಿವೆ. ಆದುದರಿಂದಲೇ ಅತಿ ಹ್ರಸ್ವವಾದ ಮಾರ್ಗ ಭೂಮಿಯ ನೆತ್ತಿಯ ಬಳಿ ಹಾದುಹೋಗುತ್ತದೆ.

2021ನೆಯ ಇಸವಿ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವು ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ, ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದು, ಉತ್ತರಧ್ರುವದ ಮೇಲೆ ಹಾದು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಪಂಚಾಂಗದಲ್ಲಿ ಮೂರು ತಾರೀಖುಗಳು. ಆಗಸದಲ್ಲಿ ಕಳೆದುದು ಸುಮಾರು 17 ಗಂಟೆ. ಮಿಕ್ಕ ಹದಿಮೂರೂವರೆ ಗಂಟೆ ಆ ಋತುವಿನಲ್ಲಿ ಎರಡು ಊರುಗಳ ಗಡಿಯಾರಗಳಿಗಿರುವ ಅಂತರವಷ್ಟೆ.

ಗಂಟೆಗೆ 900 ಕಿಲೋಮೀಟರು ವೇಗವೆಂದು ಹಿಡಿದರೆ ಹದಿನೈದೂವರೆ ಗಂಟೆ ಸಾಕಾಗಬೇಕಿತ್ತು. ಆದರೆ ಏರಿಳಿಯುವ ಹೊತ್ತಿನಲ್ಲಿ ಆ ವೇಗವಿರದು. ಹಾರುವ ದಾರಿ ಎಳೆದ ಗೆರೆಯ ಮೇಲೆಯೇ ನಿಲ್ಲದು. ಸುಮಾರು 10 ಕಿಲೋಮೀಟರು ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಬೀಸುವ ಪ್ರಬಲ ಮಾರುತಗಳು ಮೂಡಣಕ್ಕೆ ಹೋಗುವವರಿಗೆ ನೆರವು, ಪಡುವಣಕ್ಕೆ ಹೋಗುವವರಿಗೆ ತಡೆ. ರಾಜಕಾರಣವೂ ದಾರಿಯನ್ನು ಬೆಳೆಸಬಲ್ಲುದು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ದೆಹಲಿಯಿಂದ ಯೂರೋಪು, ಅಮೆರಿಕಗಳಿಗೆ ಹೋಗುವ ಭಾರತೀಯ ವಿಮಾನಗಳು ಬಳಸುದಾರಿ ಹಿಡಿಯಬೇಕಾಯಿತು. ಊರುಗಳು ಇದ್ದಲ್ಲಿಯೇ ಇದ್ದವು. ಪ್ರಯಾಣ ಮಾತ್ರ ಬೆಳೆಯಿತು.

ಇಷ್ಟಾದರೂ ಪರೀಕ್ಷೆಯಲ್ಲಿ ಒಂದು ಅಂಕಿಯನ್ನು ಬರೆದವನಿಗೆ ಪೂರ್ಣ ಗುಣ ದೊರೆಯುವುದಾದರೆ ಅದು ಬಾಯಿಪಾಠಕ್ಕೆ ಸಲ್ಲುವ ಬಹುಮಾನವೇ ಹೊರತು ಜ್ಞಾನಕ್ಕಲ್ಲ. ಪ್ರತಿ ತರಗತಿಯಲ್ಲೂ ಒಂದು ಗೋಳ, ಒಂದು ಮೊಳ ದಾರ ಇರಬೇಕು. “ಎಷ್ಟು?” ಎಂಬ ಪ್ರಶ್ನೆಯ ಬೆನ್ನಿಗೆ “ಏಕೆ?” ಎಂಬುದನ್ನೂ ಉಪಾಧ್ಯಾಯರು ಕೇಳಬೇಕು. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮನೆಗಳು ಇಂದು ಕರ್ನಾಟಕದಲ್ಲಿ ಅಪರೂಪವಲ್ಲ. ಅವರನ್ನು ಕಾಣಲು ಹೊರಟ ವೃದ್ಧ ತಾಯಿಗೆ, ಯಾವ ಗಡಿಯಾರವನ್ನು ನಂಬಿ ಔಷಧ ಸೇವಿಸಬೇಕೆಂಬುದನ್ನು ಶಾಲೆಗೆ ಹೋಗುವ ಮೊಮ್ಮಗ ತಿಳಿಯಹೇಳುವಂತಾದರೆ ಭೂಗೋಳಪಾಠ ಸಾರ್ಥಕವಾದಂತೆಯೇ ಸರಿ.