ತಕ್ಕಡಿಯೂ ಅವರದ್ದೇ, ಪರೀಕ್ಷೆಯೂ ಅವರದ್ದೇ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತಹಳ್ಳಿಯಂಥ ಕಡೆ ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡುಗಳನ್ನು ಓದುತ್ತಾ ನಡೆದರೆ ಸಾಕು, ಕೆಲಸ ಹುಡುಕುವವರು ಯಾವ ಕಡೆ ಹೊರಟಿದ್ದಾರೆ ಅನ್ನೋದು ತಿಳಿದುಬಿಡುತ್ತೆ. ಜಾವಾ, ಟೆಸ್ಟಿಂಗ್, ಟ್ಯಾಲಿ ಬೋರ್ಡುಗಳ ಸಾಲಿನಲ್ಲಿ ಈಗ ಡಿಜಿಟಲ್ ಮಾರ್ಕೆಟಿಂಗ್‌ಗೂ ಖಾಯಂ ಜಾಗವಿದೆ. ಬಿಕಾಂ, ಬಿಬಿಎ, ಬಿಎ ಮುಗಿಸಿ, ಕೋಡಿಂಗ್ ಬಾರದಿದ್ದರೂ ಐಟಿ ಊರಿನಲ್ಲೇ ಒಂದು ನೌಕರಿ ಹಿಡಿಯಬೇಕು ಅಂದುಕೊಂಡವರಿಗೆ ಅದು ತೆರೆದ ಬಾಗಿಲಿನಂತೆ ಕಾಣುತ್ತೆ. ಶುಲ್ಕ ಹತ್ತಾರು ಸಾವಿರ ರೂಪಾಯಿ. ಆಕರ್ಷಣೆ ಮಾತ್ರ ಎಲ್ಲ ಕಡೆ ಒಂದೇ: 'ಗೂಗಲ್ ಸರ್ಟಿಫಿಕೇಷನ್ ಸಹಿತ'.

ಅಲ್ಲಿಂದಲೇ ಶುರು ಮಾಡೋಣ. ಗೂಗಲ್ ಅನಲಿಟಿಕ್ಸ್ ಸರ್ಟಿಫಿಕೇಷನ್‌ಗೆ ಗೂಗಲ್ ಒಂದು ಪೈಸೆಯನ್ನೂ ಕೇಳುವುದಿಲ್ಲ. ಅದರ ಸ್ಕಿಲ್‌ಶಾಪ್ ತಾಣದಲ್ಲಿ ಪಾಠಗಳೂ ಉಚಿತ, ಪರೀಕ್ಷೆಯೂ ಉಚಿತ. ಪರೀಕ್ಷೆಗೆ 75 ನಿಮಿಷ ಸಮಯ, ಪಾಸಾಗಲು ಶೇ 80 ಅಂಕ. ಮನೆಯಲ್ಲೇ ಕೂತು ಬರೆಯಬಹುದು, ಮೇಲ್ವಿಚಾರಕರು ಯಾರೂ ಇರುವುದಿಲ್ಲ. ಫೇಲಾದರೆ ಒಂದು ದಿನ ಬಿಟ್ಟು ಮತ್ತೆ ಬರೆಯಬಹುದು. ಪ್ರಮಾಣಪತ್ರದ ಆಯಸ್ಸು 12 ತಿಂಗಳು. ಪ್ರಶ್ನೆ ಮತ್ತು ಉತ್ತರಗಳ ಪಿಡಿಎಫ್‌ಗಳು ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ.

ತರಬೇತಿ ಕೇಂದ್ರಗಳು ಪಾಠ ಹೇಳಿ ಹಣ ಪಡೆದರೆ ಅದರಲ್ಲಿ ತಪ್ಪೇನಿಲ್ಲ. ಕೈಹಿಡಿದು ಕಲಿಸುವವರು ಬೇಕು ಅನ್ನುವವರೂ ಇದ್ದಾರೆ. ಆದರೆ ಪುಕ್ಕಟೆ ಸಿಗುವ ಕಾಗದವೊಂದನ್ನು ಕೋರ್ಸಿನ ಮುಖ್ಯ ಫಲ ಅಂತ ತೋರಿಸಿ ಶುಲ್ಕ ಪಡೆಯೋದು ಬೇರೆಯೇ ಸಂಗತಿ. ಸೇರುವ ಮೊದಲು ಅಪ್ಪ ಅಮ್ಮನ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅಂತ ಕೇಳುವುದು ಅಗತ್ಯ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಇಷ್ಟೆಲ್ಲವನ್ನೂ ಗೂಗಲ್ ಪುಕ್ಕಟೆ ಕೊಡೋದು ಯಾಕೆ?

2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡ ಗೂಗಲ್, ಅದೇ ವರ್ಷ ನವೆಂಬರ್‌ನಲ್ಲಿ ಅನಲಿಟಿಕ್ಸ್ ಸೇವೆಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಗೂಗಲ್‌ನ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ. ಜಾಹೀರಾತು ಕೊಟ್ಟವರಿಗೆ 'ನಿಮ್ಮ ದುಡ್ಡು ಕೆಲಸ ಮಾಡಿದೆ' ಅಂತ ತೋರಿಸಲು ಒಂದು ಲೆಕ್ಕ ಬೇಕು. ಆ ಲೆಕ್ಕದ ಪುಸ್ತಕವೇ ಅನಲಿಟಿಕ್ಸ್. ಗ್ರಾಹಕ ಒಂದು ವಸ್ತು ಕೊಳ್ಳುವ ಮೊದಲು ಸರ್ಚ್ ಮಾಡಿರುತ್ತಾನೆ, ಯೂಟ್ಯೂಬ್ ನೋಡಿರುತ್ತಾನೆ, ಗೆಳೆಯ ಕಳಿಸಿದ ವಾಟ್ಸ್ಆ್ಯಪ್ ಲಿಂಕ್ ಒತ್ತಿರುತ್ತಾನೆ. ಮಾರಾಟದ ಶ್ರೇಯ ಇದರಲ್ಲಿ ಯಾವುದಕ್ಕೆ? ಹಿಂದೆ ಇದನ್ನು ಹಂಚಲು ಹಲವು ಸರಳ ಸೂತ್ರಗಳಿದ್ದವು: ಮೊದಲ ಕ್ಲಿಕ್‌ಗೆ ಎಲ್ಲಾ, ಎಲ್ಲರಿಗೂ ಸಮಪಾಲು, ಹೀಗೆ. 2023ರಲ್ಲಿ ಗೂಗಲ್ ಅವುಗಳಲ್ಲಿ ಬಹುತೇಕವನ್ನು ತೆಗೆದುಹಾಕಿತು. ಈಗ ತಾನಾಗಿಯೇ ಬರುವ ಆಯ್ಕೆ 'ದತ್ತಾಂಶ ಆಧಾರಿತ' ವಿಧಾನ. ಅಂದರೆ ಶ್ರೇಯವನ್ನು ಹಂಚುವುದು ಗೂಗಲ್‌ನದೇ ಅಲ್ಗಾರಿದಂ. ಅದರ ಒಳಗಿನ ಲೆಕ್ಕವನ್ನು ಹೊರಗಿನವರು ಕೂಡಿ ಕಳೆದು ತಾಳೆ ನೋಡಲು ಆಗುವುದಿಲ್ಲ.

ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ತೂಗುವುದು ಕಾರ್ಖಾನೆ ಅಂಗಳದ ತೂಕದ ಯಂತ್ರ. ಸಕ್ಕರೆ ಇಳುವರಿ ಎಷ್ಟು ಅಂತ ಲೆಕ್ಕ ಹಾಕುವುದೂ ಕಾರ್ಖಾನೆಯೇ. ಆ ಇಳುವರಿಯ ಮೇಲೆ ರೈತನಿಗೆ ದರ. ತೂಕ ನಮ್ಮ ಕಣ್ಣೆದುರು, ಕಾರ್ಖಾನೆಯದ್ದಲ್ಲದ ಯಂತ್ರದಲ್ಲಿ ಆಗಲಿ ಅಂತ ರೈತ ಸಂಘಟನೆಗಳು ವರ್ಷಗಳಿಂದ ಕೇಳುತ್ತಾ ಬಂದಿವೆ. ಪ್ರತಿಯೊಂದು ಕಾರ್ಖಾನೆಯೂ ಮೋಸ ಮಾಡುತ್ತೆ ಅಂತಲ್ಲ. ಕೊಳ್ಳುವವನ ಕೈಯಲ್ಲೇ ತಕ್ಕಡಿ ಇದ್ದರೆ, ಮೋಸ ಆಗಿಲ್ಲ ಅಂತ ನಂಬಲು ರೈತನ ಬಳಿ ಆಧಾರವೇ ಇರುವುದಿಲ್ಲ ಅನ್ನೋದು ತಕರಾರು.

ಜಾಹೀರಾತು ಲೋಕದಲ್ಲಿ ಈ ಅನುಮಾನ ಬರೀ ಗೊಣಗಾಟ ಅಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಲಯ, ಆನ್‌ಲೈನ್ ಜಾಹೀರಾತು ವ್ಯವಹಾರದ ಎರಡು ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ, ಜಾಹೀರಾತು ಆದಾಯದ ಹಂಚಿಕೆಯಲ್ಲಿ ಪಾರದರ್ಶಕತೆ ಇಲ್ಲ ಎಂಬ ಡಿಜಿಟಲ್ ಸುದ್ದಿ ಪ್ರಕಾಶಕರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತ್ತು. ಇವೆರಡೂ ಅನಲಿಟಿಕ್ಸ್ ಕುರಿತ ಪ್ರಕರಣಗಳಲ್ಲ, ನಿಜ. ಆದರೆ ಮಾರುವವನೇ ಅಳೆಯುವವನೂ ಆದಾಗ ಏಳುವ ಪ್ರಶ್ನೆ ಇಲ್ಲೂ ಅದೇ.

ಹಾಗಾದ್ರೆ ಈ ಪರೀಕ್ಷೆಗೆ ಓದೋದೇ ದಂಡವಾ? ಇಲ್ಲ. ಓದಬೇಕು. ಆದರೆ ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದ ಹಾಗೆ ಓದಬೇಕು. ಅಲ್ಲಿ ಉಪಕರಣ ಕೈಗೆ ಬಂದ ಕೂಡಲೇ ಹೇಳಿಕೊಡುತ್ತಿದ್ದದ್ದು ಝೀರೋ ಎರರ್ ನೋಡೋದನ್ನ. ಏನನ್ನೂ ಅಳೆಯುವ ಮೊದಲೇ ಈ ಉಪಕರಣ ಎಷ್ಟು ತಪ್ಪು ತೋರಿಸುತ್ತಿದೆ ಅನ್ನೋದು ಗೊತ್ತಿರಬೇಕು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈಗಲೂ ದಿನಾ ಉಪಯೋಗಕ್ಕೆ ಬರುವ ಪಾಠ ಅದೊಂದೇ ಇರಬೇಕು.

ಅನಲಿಟಿಕ್ಸ್‌ನ ಝೀರೋ ಎರರ್ ಎಲ್ಲಿದೆ? 'ಬಳಕೆದಾರರು: 10,000' ಅಂತ ತೆರೆಯ ಮೇಲೆ ಬಂತು ಅನ್ನಿ. ಅದು 10,000 ಮನುಷ್ಯರ ತಲೆ ಎಣಿಕೆ ಅಲ್ಲ. ಯಂತ್ರ ಎಣಿಸುವುದು ಹೆಚ್ಚಾಗಿ ಬ್ರೌಸರ್‌ಗಳನ್ನು. ಹಳ್ಳಿ ಮನೆಯಲ್ಲಿ ಅಪ್ಪ, ಮಗಳು, ಅಜ್ಜಿ ಸೇರಿ ಒಂದೇ ಫೋನ್ ನೋಡಿದರೆ ಒಬ್ಬರು ಅಂತ ಲೆಕ್ಕ. ಬೆಳಿಗ್ಗೆ ಮೆಟ್ರೊದಲ್ಲಿ ಫೋನಿನಿಂದ, ಮಧ್ಯಾಹ್ನ ಆಫೀಸಿನ ಲ್ಯಾಪ್‌ಟಾಪಿನಿಂದ ಓದುವ ಒಬ್ಬರೇ ವ್ಯಕ್ತಿ ಸಾಮಾನ್ಯವಾಗಿ ಇಬ್ಬರಾಗುತ್ತಾರೆ. ಐಫೋನ್‌ನ ಸಫಾರಿ ಬ್ರೌಸರ್, ಇಂಥ ಟ್ರ್ಯಾಕಿಂಗ್‌ಗೆ ಬಳಸುವ ಕುಕಿಯನ್ನು 7 ದಿನಕ್ಕೆ ಅಳಿಸಿಹಾಕುತ್ತೆ. ಹೀಗಾಗಿ ಒಂಬತ್ತನೇ ದಿನ ಮರಳಿ ಬಂದ ಹಳೆ ಓದುಗರೂ 'ಹೊಸಬರು' ಆಗಿಬಿಡುತ್ತಾರೆ. ಆ್ಯಡ್‌ಬ್ಲಾಕರ್ ಹಾಕಿಕೊಂಡ ಬಹಳಷ್ಟು ಮಂದಿ ಲೆಕ್ಕಕ್ಕೇ ಬರುವುದಿಲ್ಲ.

ಅಳತೆಗೋಲೇ ಬದಲಾದ ಕಥೆ ಇನ್ನೂ ಸ್ವಾರಸ್ಯಕರ. 2023ರ ಜುಲೈ 1ರಂದು ಗೂಗಲ್ ತನ್ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಅನ್ನು ಸಾಮಾನ್ಯ ಬಳಕೆದಾರರಿಗೆ ನಿಲ್ಲಿಸಿತು, ಎಲ್ಲರೂ ಜಿಎ 4ಕ್ಕೆ ಬರಬೇಕಾಯ್ತು. ಹಳೆಯದರಲ್ಲಿ 'ಬೌನ್ಸ್ ರೇಟ್' ಅಂದರೆ ಒಂದೇ ಪುಟ ನೋಡಿ, ಬೇರೇನನ್ನೂ ಒತ್ತದೆ ಎದ್ದು ಹೋದವರ ಪ್ರಮಾಣ. ಲೇಖನವೊಂದನ್ನು ಐದು ನಿಮಿಷ ಪೂರ್ತಿ ಓದಿ ಮುಚ್ಚಿದವರೂ ಅದರೊಳಗೇ ಬರುತ್ತಿದ್ದರು. ಹೊಸದರಲ್ಲಿ 10 ಸೆಕೆಂಡಿಗಿಂತ ಹೆಚ್ಚು ನಿಂತರೆ ಸಾಕು, ಅದು ಬೌನ್ಸ್ ಅಲ್ಲ. ಹೆಸರು ಅದೇ, ಅರ್ಥ ಬೇರೆ. ವೆಬ್‌ಸೈಟಿನಲ್ಲಿ ಒಂದಕ್ಷರ ಬದಲಾಯಿಸದಿದ್ದರೂ ಅಂಕಿ ಇಳಿಯಬಹುದು. ಆ ಸಮಯದ ರೆಸ್ಯೂಮೆಯಲ್ಲಿ 'ಬೌನ್ಸ್ ರೇಟ್ ತಗ್ಗಿಸಿದ್ದೇನೆ' ಅಂತ ಬರೆದವರನ್ನು ಸಂದರ್ಶಕರು ಒಂದು ಮಾತು ಹೆಚ್ಚಿಗೆ ಕೇಳುವುದು ಒಳ್ಳೆಯದು. 2024ರ ಜುಲೈನಲ್ಲಿ ಹಳೆಯ ವ್ಯವಸ್ಥೆಯ ಬಾಗಿಲೂ ಮುಚ್ಚಿತು. ತಮ್ಮ ದತ್ತಾಂಶವನ್ನು ಮೊದಲೇ ಇಳಿಸಿಟ್ಟುಕೊಳ್ಳದ ಪುಟ್ಟ ಸಂಸ್ಥೆಗಳ ಪಾಲಿಗೆ ವರ್ಷಗಟ್ಟಲೆಯ ಲೆಕ್ಕ ಕೈತಪ್ಪಿತು. ಬಾಡಿಗೆ ತಕ್ಕಡಿಯ ಹಣೆಬರಹ ಇದು.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಈ ಅಂಕಿಗಳ ಮೇಲೆ ನಿಜವಾದ ತೀರ್ಮಾನಗಳು ನಡೆಯುತ್ತವೆ. ಯಾವ ಜಾಹೀರಾತಿಗೆ ಎಷ್ಟು ಹಣ, ಯಾವ ತಂಡಕ್ಕೆ ಇನ್‌ಕ್ರಿಮೆಂಟ್, ಯಾರ ಕೆಲಸಕ್ಕೆ ಕುತ್ತು, ಎಲ್ಲಾ. ಸುದ್ದಿಮನೆಗಳೂ ಇದರಿಂದ ಹೊರತಲ್ಲ. ಪೇಜ್‌ವ್ಯೂ ಒಂದನ್ನೇ ನೋಡುವ ಸಂಪಾದಕರಿಗೆ ಸಿನಿಮಾ ನಟರ ಮದುವೆ ಸುದ್ದಿ ರಾಯಚೂರಿನ ಅಪೌಷ್ಟಿಕತೆಯ ವರದಿಗಿಂತ ದೊಡ್ಡದಾಗಿ ಕಾಣುತ್ತೆ. ಆ ವರದಿಯನ್ನು ಓದಿದ ಒಬ್ಬ ಜಿಲ್ಲಾಧಿಕಾರಿ ಕಡತ ತರಿಸಿಕೊಂಡರೆ, ಅದು ಡ್ಯಾಶ್‌ಬೋರ್ಡಿನಲ್ಲಿ ಒಂದೇ ಒಂದು ಪೇಜ್‌ವ್ಯೂ.

ಇನ್ನೊಂದು ಮಗ್ಗುಲು ಕಾನೂನಿನದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿನ ಹಿಂದೆ ಇದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ದಾರಿಯಲ್ಲೇ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಅವಕಾಶವಿದೆ. ವೈಯಕ್ತಿಕ ದತ್ತಾಂಶಕ್ಕೆ ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಅನ್ನುತ್ತೆ ಈ ಕಾಯ್ದೆ. ಅಂದರೆ ಕನ್ನಡದಲ್ಲಿ ಕೇಳಿಸಿಕೊಳ್ಳುವುದು ಇನ್ನು ಯಾರದೋ ಔದಾರ್ಯವಲ್ಲ, ಹಕ್ಕು. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದಕ್ಕೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧವಿದೆ. ಹೈಸ್ಕೂಲು, ಪಿಯು ಮಕ್ಕಳನ್ನೇ ಗುರಿಯಾಗಿಸಿಕೊಂಡ ಕೋಚಿಂಗ್ ವೆಬ್‌ಸೈಟುಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಇದು ಗೊತ್ತಿರಲೇಬೇಕು. ಯಾವ ಬಟನ್ ಎಲ್ಲಿದೆ ಅನ್ನೋದು ಆಮೇಲಿನ ಮಾತು.

ಹಾಗಾಗಿ, ಈಗ ಈ ಪರೀಕ್ಷೆಗೆ ತಯಾರಾಗುತ್ತಿರುವವರಿಗೆ ಒಂದಿಷ್ಟು ಕಿವಿಮಾತು. ಉತ್ತರದ ಪಿಡಿಎಫ್ ಬಿಟ್ಟುಬಿಡಿ. ಗೂಗಲ್ ತನ್ನ ಸಾಮಾನು ಮಾರುವ ಅಂಗಡಿಯ ನಿಜ ಲೆಕ್ಕವನ್ನು ಡೆಮೊ ಖಾತೆಯಾಗಿ ಎಲ್ಲರಿಗೂ ತೆರೆದಿಟ್ಟಿದೆ, ಅಲ್ಲಿ ಕೈಯಾಡಿಸಿ. ಆಮೇಲೆ ಪರಿಚಯದವರ ಒಂದು ಸಣ್ಣ ಸೈಟ್ ಹಿಡಿಯಿರಿ. ಚಿಕ್ಕಮಗಳೂರಿನ ಹೋಂಸ್ಟೇ ಆಗಬಹುದು, ಇಳಕಲ್ ಸೀರೆ ಅಂಗಡಿ ಆಗಬಹುದು. ದತ್ತಾಂಶ ಉಳಿಸಿಕೊಳ್ಳುವ ಅವಧಿ ಜಿಎ 4ರಲ್ಲಿ ತಾನಾಗಿಯೇ 2 ತಿಂಗಳಿಗೆ ನಿಂತಿರುತ್ತೆ. ಅದನ್ನು ಮೊದಲ ದಿನವೇ 14 ತಿಂಗಳಿಗೆ ಬದಲಾಯಿಸಿ. ಇಲ್ಲದಿದ್ದರೆ ಈ ವರ್ಷದ ದಸರೆಯನ್ನು ಹೋದ ವರ್ಷದ ದಸರೆ ಜೊತೆ ಬಿಡಿಬಿಡಿಯಾಗಿ ಹೋಲಿಸಲು ಆಗುವುದಿಲ್ಲ. ಹೋಂಸ್ಟೇಗೆ ಬುಕಿಂಗ್ ಬರೋದು ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ. ನಂಬರ್ ಎಷ್ಟು ಸಲ ಒತ್ತಿದರು ಅನ್ನೋದನ್ನು ಅನಲಿಟಿಕ್ಸ್ ಎಣಿಸಬಹುದು, ಎಷ್ಟು ಜನ ನಿಜಕ್ಕೂ ಬಂದು ಉಳಿದರು ಅನ್ನೋದು ಇರುವುದು ಮಾಲೀಕರ ನೋಟ್‌ಬುಕ್ಕಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಯಾಕೆ ಅಂತ ಒಂದು ಪುಟ ಬರೆಯಿರಿ. ಮ್ಯಾಟೊಮೊದಂಥ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದೇ ಸೈಟಿಗೆ ಅದನ್ನೂ ಜೋಡಿಸಿ, ಎರಡು ತಕ್ಕಡಿಗಳ ಅಂಕಿ ಎಲ್ಲಿ ಬೇರೆಯಾಗುತ್ತೆ ನೋಡಿ. ಆ ಒಂದು ಪುಟ ಸರ್ಟಿಫಿಕೇಟಿಗಿಂತ ಹೆಚ್ಚು ಮಾತಾಡುತ್ತೆ, 12 ತಿಂಗಳಿಗೆ ಅದರ ಅವಧಿಯೂ ಮುಗಿಯುವುದಿಲ್ಲ.

ಕಾಲೇಜುಗಳಿಗೂ ಇಲ್ಲಿ ಪಾತ್ರವಿದೆ. ಕಂಪನಿಯ ಉಚಿತ ಪಾಠವನ್ನೇ ಪಠ್ಯಕ್ರಮ ಮಾಡಿಕೊಂಡರೆ, ಕಂಪನಿ ತಂತ್ರಾಂಶ ಬದಲಿಸಿದ ದಿನ ಪಠ್ಯವೂ ಹಳತಾಗುತ್ತೆ. ಬಿಕಾಂ ವಿದ್ಯಾರ್ಥಿಗೆ ಸ್ಯಾಂಪಲ್ ಅಂದರೇನು, ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತೆ, ಒಪ್ಪಿಗೆ ಅಂದರೇನು ಅನ್ನೋದನ್ನು ಕಲಿಸಿದರೆ ಯಾವ ಕಂಪನಿಯ ತಂತ್ರಾಂಶ ಬಂದರೂ ಆಕೆ ತಿಂಗಳೊಪ್ಪತ್ತಿನಲ್ಲಿ ಪಳಗಿಸಿಕೊಳ್ಳುತ್ತಾಳೆ.

ಕೆಲಸ ಕೊಡುವವರಿಗೂ ಒಂದು ಮಾತು. ಅರ್ಜಿಗಳ ರಾಶಿಯನ್ನು ಸರ್ಟಿಫಿಕೇಟ್ ಇದೆಯಾ ಇಲ್ಲವಾ ಅಂತ ಜರಡಿ ಹಿಡಿಯುವ ತನಕ ತರಬೇತಿ ಕೇಂದ್ರಗಳು ಅದನ್ನೇ ಮಾರುತ್ತವೆ, ಮಕ್ಕಳು ಅದನ್ನೇ ಕೊಳ್ಳುತ್ತಾರೆ. ಅದರ ಬದಲು ಒಂದು ರಿಪೋರ್ಟನ್ನು ಅಭ್ಯರ್ಥಿಯ ಮುಂದಿಟ್ಟು, ಈ ಲೆಕ್ಕದಲ್ಲಿ ಯಾರು ಬಿಟ್ಟುಹೋಗಿದ್ದಾರೆ ಅಂತ ಕೇಳಿ ನೋಡಿ. ಓದಿದವರು ಯಾರು, ಬಾಯಿಪಾಠ ಮಾಡಿದವರು ಯಾರು ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗುತ್ತೆ.