ದಾನವಾಗಿ ಬಂದ ಹಳೆಯ ಟ್ಯಾಬ್ಲೆಟ್ಟುಗಳು

ವಿದ್ಯಾದಾನಕ್ಕೆ ಕೈನೀಡುವ ಮಹನೀಯರು ಈಚಿನ ವರ್ಷಗಳಲ್ಲಿ ಪುಸ್ತಕ, ಪೀಠೋಪಕರಣಗಳೊಡನೆ ತಾವು ಬಳಸಿ ಬಿಟ್ಟ ಟ್ಯಾಬ್ಲೆಟ್ಟುಗಳನ್ನೂ ಶಾಲೆಗಳಿಗೆ ಕೊಡತೊಡಗಿದ್ದಾರೆ. ಅವರ ಔದಾರ್ಯ ಸ್ತುತ್ಯವಾದುದು. ಆದರೆ ಅವುಗಳಲ್ಲಿ ಹಲವು ಕಪಾಟಿನೊಳಗೇ ಉಳಿದುಬಿಡುತ್ತವೆಂಬ ಮಾತನ್ನು ಅಧ್ಯಾಪಕರಾದ ನಾವು ದಾಕ್ಷಿಣ್ಯಕ್ಕೊಳಗಾಗಿ ದಾನಿಗಳ ಮುಂದೆ ಆಡುವುದಿಲ್ಲ. ಆಡಬೇಕೆಂಬುದು ನನ್ನ ಅಭಿಪ್ರಾಯ.

ಯಂತ್ರ ಕೆಟ್ಟಿರುವುದಿಲ್ಲ, ಪರದೆ ಬೆಳಗುತ್ತದೆ. ಆದರೂ ಪಾಠದ ಆ್ಯಪ್ ಹಾಕಹೊರಟರೆ ಅದು ಈ ಸಾಧನಕ್ಕೆ ಹೊಂದುವುದಿಲ್ಲವೆಂಬ ಉತ್ತರ ಬರುತ್ತದೆ. ಕಾರ್ಯವ್ಯವಸ್ಥೆಯು ವ್ಯಾಕರಣವಿದ್ದಂತೆ, ಆ್ಯಪ್ ಎಂಬುದು ಪ್ರಯೋಗ. 2013ರಲ್ಲಿ ಹೊರಬಂದ ಆಂಡ್ರಾಯ್ಡ್ 4.4ರ ಸೂತ್ರಗಳು ಅಲ್ಲಿಗೇ ನಿಂತಿವೆ. ಇಂದಿನ ಪ್ರಯೋಗಗಳನ್ನು ಅದು ಅರಿಯದು. ಗೂಗಲ್ ಪ್ಲೇ ಸೇವೆಗಳ ಪರಿಷ್ಕರಣವೂ ಆ ಆವೃತ್ತಿಗೆ 2023ರಲ್ಲಿ ನಿಂತುಹೋಯಿತು. 7.1.1ಕ್ಕಿಂತ ಹಿಂದಿನವುಗಳಿಗೆ ಇನ್ನೊಂದು ತೊಡಕುಂಟು. ಅಸಂಖ್ಯ ಜಾಲತಾಣಗಳಿಗೆ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲಪತ್ರ ಅವುಗಳಲ್ಲಿಲ್ಲ; ಅವಕ್ಕಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಟು 2024ರಲ್ಲಿ ಕೊನೆಗೊಂಡಿತು. ತಾಣ ತೆರೆಯದಾದಾಗ ಮಕ್ಕಳು ಯಂತ್ರವನ್ನು ತಟ್ಟುತ್ತಾರೆ, ಪಾಪ.

ಹಾಗೆಂದು ಎಲ್ಲವನ್ನೂ ಗುಜರಿಗೆ ಹಾಕಬೇಕೆಂಬ ಕಿರಿಯ ಮಿತ್ರರ ವಾದವನ್ನು ಒಪ್ಪಲಾರೆ. ಮೊದಲು ದಿನಾಂಕವನ್ನು ನೋಡಬೇಕು. ಬಹುಕಾಲ ಚಾರ್ಜಿಲ್ಲದೆ ಬಿದ್ದ ಯಂತ್ರವು ಎಷ್ಟೋ ವರ್ಷ ಹಿಂದಿನ ದಿನವನ್ನು ತೋರುತ್ತಿರುವುದುಂಟು. ಅದನ್ನು ತಿದ್ದಿದ ಮಾತ್ರಕ್ಕೆ ಕೆಲವು ತಾಣಗಳು ತೆರೆದುಕೊಳ್ಳುವುವು. ಎಫ್-ಡ್ರಾಯ್ಡ್ ಭಂಡಾರದಲ್ಲಿ ಮುಕ್ತ ತಂತ್ರಾಂಶಗಳ ಹಿಂದಿನ ಆವೃತ್ತಿಗಳೂ ದೊರೆಯುತ್ತವೆ. ಅಪರಿಚಿತ ತಾಣಗಳಿಂದ ತಂದು ತುಂಬುವುದು ಮಾತ್ರ ಬೇಡ. ಹಣದ ವ್ಯವಹಾರವನ್ನಂತೂ ಇಂಥ ಯಂತ್ರದಲ್ಲಿ ಮಾಡಲೇಕೂಡದು.

ನನ್ನ ದೃಷ್ಟಿಯಲ್ಲಿ ಇವುಗಳ ನಿಜವಾದ ಸ್ಥಾನ ವಾಚನಾಲಯ. ಆಂಡ್ರಾಯ್ಡಿಗೆ ಕನ್ನಡ ಲಿಪಿಯ ಬೆಂಬಲ ದೊರೆತುದೇ 2012ರ 4.1ರಲ್ಲಿ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಕ್ಕೆ ಆ ಹಂಗೂ ಇಲ್ಲ. ಪುಟವೇ ಚಿತ್ರವಾದುದರಿಂದ ಒತ್ತಕ್ಷರ ಸಿಡಿದುಹೋಗುವ ಭಯವಿಲ್ಲ. ಕಿಟ್ಟೆಲರ 1894ರ ನಿಘಂಟನ್ನು ಒಮ್ಮೆ ತುಂಬಿಟ್ಟರೆ ಅಂತರಜಾಲವೂ ಬೇಡ, ಆ್ಯಪ್‌ನ ಅನುಗ್ರಹವೂ ಬೇಡ. ಇದ್ದೊಂದು ಮುದ್ರಿತ ಪ್ರತಿಗಾಗಿ ತರಗತಿಯೆಲ್ಲ ಸರದಿ ಕಾಯುವುದು ತಪ್ಪುತ್ತದೆ. ಹಳಗನ್ನಡ ಪದ್ಯವನ್ನು ಬಿಡಿಸಲು ಕುಳಿತ ಬಾಲಕನಿಗೆ ಇದಕ್ಕಿಂತ ಮಿಗಿಲಾದ ಉಪಕಾರ ಬೇರೇನಿದೆ?

ದಾನಿಗಳಲ್ಲಿ ವಿನಂತಿಯಿಷ್ಟೆ. ಕೊಡುವಾಗ ಆವೃತ್ತಿಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ತಮ್ಮ ಖಾತೆಯನ್ನು ತೆಗೆದೇ ಕೊಡಬೇಕು, ಇಲ್ಲದಿದ್ದರೆ 5.1 ಹಾಗೂ ಅದರಿಂದೀಚಿನ ಯಂತ್ರಗಳು ಎಲ್ಲ ಅಳಿಸಿದ ಮೇಲೂ ದಾನಿಯ ಗುಪ್ತಪದವನ್ನೇ ಕೇಳುವುದುಂಟು. ಬ್ಯಾಟರಿ ಊದಿಕೊಂಡುದನ್ನು ದಯವಿಟ್ಟು ಕೊಡಬಾರದು. ತಂತ್ರಾಂಶ ರಚನೆಯ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಹೊಸ ಆವೃತ್ತಿಯನ್ನು ಹೊರತರುವಾಗ ಹಿಂದಿನದನ್ನು ಅಳಿಸದಿರಲಿ. ಗ್ರಂಥಸಂಪಾದಕನು ಪರಿಷ್ಕೃತ ಪಾಠ ಸಿದ್ಧವಾಯಿತೆಂದು ಓಲೆಗರಿಯನ್ನು ಒಲೆಗೆ ಹಾಕುವುದಿಲ್ಲವಷ್ಟೆ. ಅವರಲ್ಲಿ ಯಾರಾದರೂ ರಜೆಯಲ್ಲಿ ಊರಿಗೆ ಬಂದಾಗ ಒಂದು ಮಧ್ಯಾಹ್ನ ನಮ್ಮ ಕಪಾಟಿನ ಮುಂದೆ ಕುಳಿತು, ಓದಿಗೆ ಒದಗುವ ಯಂತ್ರಗಳಾವುವು, ಒದಗದವು ಯಾವುವು ಎಂದು ಬೇರ್ಪಡಿಸಿಕೊಟ್ಟರೆ ಉಪಕೃತರಾಗುವೆವು. ಬೀಗದಕೈ ಕಾರ್ಯಾಲಯದಲ್ಲಿಯೇ ಇದೆ.